ಅಗ್ಗದ ಫೋನಿನ ಕ್ಯಾಮೆರಾ ತಪ್ಪಿದರೆ ರಿಪೇರಿ ಎಲ್ಲಿ ಆಗಬೇಕು?

ಪುಣೆಯಿಂದ ನಾಸಿಕ್‌ಗೆ ಹೋಗುವ ದಾರಿಯಲ್ಲಿ ನಾರಾಯಣಗಾಂವ್ ಸಿಗುತ್ತದೆ. ಟೊಮೆಟೊ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿನ ವ್ಯಾಪಾರಿಯೊಬ್ಬರಿಗೆ ನಮ್ಮ ಕಂಪನಿ ಒಂದು ಆ್ಯಪ್ ಮಾಡಿಕೊಟ್ಟಿತ್ತು. ಗಾಡಿಯಿಂದ ಕ್ರೇಟ್ ಇಳಿದ ಕೂಡಲೇ ಅವರ ಕೆಲಸದ ಹುಡುಗ ಫೋಟೊ ತೆಗೆಯುತ್ತಾನೆ. ಆ್ಯಪ್ ಕ್ರೇಟ್ ಎಣಿಸುತ್ತದೆ, ಹಣ್ಣಿನ ಬಣ್ಣ ನೋಡುತ್ತದೆ. ಮೂರು ವಾರ ಎಲ್ಲ ಸರಿ ಇತ್ತು. ಆಮೇಲೆ ಹುಡುಗ ಫೋನ್ ಬದಲಿಸಿದ. ಅವತ್ತಿನಿಂದ ಫೋಟೊಗಳೆಲ್ಲ ಅಡ್ಡ ಬಿದ್ದು ಬರತೊಡಗಿದವು. ಒಂದರ ಮೇಲೊಂದು ಪೇರಿಸಿದ ಕ್ರೇಟ್‌ಗಳು ಪಕ್ಕಪಕ್ಕ ಮಲಗಿಸಿದಂತೆ ಕಂಡವು. ಎಣಿಕೆ ತಪ್ಪಿತು. ವ್ಯಾಪಾರಿ ಫೋನ್ ಮಾಡಿ ಬೈದರು. ಅವರ ಸಿಟ್ಟು ನ್ಯಾಯವಾದದ್ದೇ.

ನಮ್ಮ ತಂಡದಲ್ಲಿ ಗದಗ ಜಿಲ್ಲೆಯ ಹುಡುಗಿಯೊಬ್ಬಳಿದ್ದಾಳೆ. ಕೆಲಸ ಪುಣೆಯ ಹಿಂಜವಡಿಯಲ್ಲಿ, ಇರುವುದು ವಾಕಡ್‌ನ ಒಂದು ಪಿಜಿಯಲ್ಲಿ. ಅದೇ ಮಾದರಿಯ ಫೋನ್ ತರಿಸಿ ಎರಡು ದಿನ ಅದರ ಮುಂದೆ ಕೂತಳು. ಮೂರನೇ ದಿನ ಬೆಳಿಗ್ಗೆ ನನ್ನ ಟೇಬಲ್ ಹತ್ತಿರ ಬಂದು ಹೇಳಿದಳು: "ಅಕ್ಕಾರ, ಇದು ನಮ್ಮ ಕೋಡಿಂದಲ್ರಿ. ಫೋನೇ ಸುಳ್ ಹೇಳಾಕತ್ತೈತಿ."

ಆ ಮಾತು ಅಕ್ಷರಶಃ ನಿಜವಾಗಿತ್ತು. ಅದು ಹೇಗೆ ಎಂದು ತಿಳಿಯಬೇಕಾದರೆ ಫೋನಿನ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ನೋಡಬೇಕು.

ಕ್ಯಾಮೆರಾದ ಒಳಗಿರುವ ಸೆನ್ಸರ್ ಅಗಲವಾದ ಆಯತ. ನಾವು ಫೋನ್ ಹಿಡಿಯುವುದು ನೆಟ್ಟಗೆ. ಹಾಗಾಗಿ ಸೆನ್ಸರನ್ನು ತಿರುಗಿಸಿ ಕೂರಿಸಿರುತ್ತಾರೆ. ಸಾಮಾನ್ಯವಾಗಿ ಹಿಂದಿನ ಕ್ಯಾಮೆರಾ 90 ಡಿಗ್ರಿ, ಮುಂದಿನದು 270 ಡಿಗ್ರಿ ತಿರುಗಿರುತ್ತದೆ. ಅಂದರೆ ನಾವು ತೆಗೆಯುವ ಹೆಚ್ಚುಪಾಲು ಫೋಟೊಗಳು ಹುಟ್ಟುವಾಗ ಮಲಗಿಯೇ ಇರುತ್ತವೆ. ಯಾರಾದರೂ ಅದನ್ನು ಎಬ್ಬಿಸಿ ನಿಲ್ಲಿಸಬೇಕು. ಅದಕ್ಕೆ ಎರಡು ದಾರಿ. ಒಂದು, ಚಿತ್ರದ ಚುಕ್ಕಿಗಳನ್ನೇ ತಿರುಗಿಸಿ ಉಳಿಸುವುದು. ಇನ್ನೊಂದು, ಚಿತ್ರವನ್ನು ಹಾಗೇ ಬಿಟ್ಟು "ತೋರಿಸುವಾಗ ತಿರುಗಿಸಿ" ಎಂದು ಫೈಲಿನೊಳಗೆ ಒಂದು ಚೀಟಿ ಅಂಟಿಸುವುದು. ಆ ಚೀಟಿಗೆ ಎಕ್ಸಿಫ್ ಎನ್ನುತ್ತಾರೆ. ಅದರಲ್ಲಿ ದಿಕ್ಕಿಗೆ 1ರಿಂದ 8ರವರೆಗೆ ಅಂಕಿಗಳಿವೆ. 1 ಎಂದರೆ ಸರಿಯಾಗಿದೆ, 6 ಎಂದರೆ ಬಲಕ್ಕೆ 90 ಡಿಗ್ರಿ ತಿರುಗಿಸು.

ಎರಡು ದಾರಿಗೂ ಆಂಡ್ರಾಯ್ಡ್‌ನಲ್ಲಿ ಒಪ್ಪಿಗೆ ಇದೆ. ಯಾವುದಾದರೂ ಒಂದನ್ನು ಮಾಡಿದರೆ ಸಾಕು. ಈ ಫೋನ್ ಎರಡನ್ನೂ ಮಾಡುತ್ತಿತ್ತು. ಚುಕ್ಕಿಗಳನ್ನು ತಿರುಗಿಸಿ ಚಿತ್ರ ನೆಟ್ಟಗೆ ಮಾಡಿ, ಮೇಲೆ 6 ಎಂಬ ಚೀಟಿಯನ್ನೂ ಅಂಟಿಸುತ್ತಿತ್ತು. ಚೀಟಿ ನಂಬಿದ ನಮ್ಮ ಆ್ಯಪ್ ಇನ್ನೊಮ್ಮೆ ತಿರುಗಿಸುತ್ತಿತ್ತು. ಫೋನಿನ ಜೊತೆ ಬಂದ ಕ್ಯಾಮೆರಾ ಆ್ಯಪ್‌ನಲ್ಲಿ ಮಾತ್ರ ಎಲ್ಲ ಸರಿ. ತಮ್ಮ ಫೋನಿನ ಸುಳ್ಳು ಅದನ್ನು ಮಾಡಿದವರಿಗೆ ಗೊತ್ತಿರುತ್ತದೆ. ಹೊರಗಿನ ಆ್ಯಪ್‌ಗಳಿಗೆ ಯಾರು ಹೇಳಬೇಕು?

ಇಲ್ಲಿಗೆ ಲೈಬ್ರರಿಯ ಮಾತು ಬರುತ್ತದೆ. ಲೈಬ್ರರಿ ಎಂದರೆ ಬೇರೆ ಬೇರೆ ಆ್ಯಪ್‌ಗಳು ತಮ್ಮೊಳಗೆ ಸೇರಿಸಿಕೊಂಡು ಬಳಸುವ ಸಿದ್ಧ ಕೋಡ್. ಆಂಡ್ರಾಯ್ಡ್‌ನ ಹಳೆಯ ಕ್ಯಾಮೆರಾ ವ್ಯವಸ್ಥೆಯನ್ನು 2014ರಲ್ಲಿ, ಆಂಡ್ರಾಯ್ಡ್ 5.0 ಬಂದಾಗ, ಬದಿಗಿಟ್ಟು ಕ್ಯಾಮೆರಾ2 ಎಂಬ ಹೊಸದನ್ನು ಕೊಟ್ಟರು. ಅದರಲ್ಲಿ ಶಕ್ತಿ ಜಾಸ್ತಿ, ಕಷ್ಟವೂ ಜಾಸ್ತಿ. ಬರೀ ತೆರೆಯ ಮೇಲೆ ಚಿತ್ರ ಕಾಣಿಸಲು ನೂರಾರು ಸಾಲು ಬರೆಯಬೇಕಿತ್ತು. ಅದರ ಮೇಲೆ ಪ್ರತಿ ಫೋನ್ ತನ್ನದೇ ಮಟ್ಟ ಹೇಳಿಕೊಳ್ಳುತ್ತದೆ: ಲೆಗಸಿ, ಲಿಮಿಟೆಡ್, ಫುಲ್, ಲೆವೆಲ್ 3. ಅಗ್ಗದ ಫೋನುಗಳು ಹೆಚ್ಚಾಗಿ ಕೆಳಮಟ್ಟದ ಮೊದಲ ಎರಡರಲ್ಲೇ ಇರುತ್ತವೆ. ಈ ಗೋಜಲನ್ನು ಮುಚ್ಚಿಡಲು 2019ರ ಮೇ ತಿಂಗಳಲ್ಲಿ ಗೂಗಲ್ ಕ್ಯಾಮೆರಾಎಕ್ಸ್ ಎಂಬ ಲೈಬ್ರರಿ ಪ್ರಕಟಿಸಿತು. ಅದರ 1.0 ಸ್ಥಿರ ಆವೃತ್ತಿ ಬಂದದ್ದು 2021ರ ಮೇನಲ್ಲಿ. ನೋಡುವುದು, ಫೋಟೊ ತೆಗೆಯುವುದು, ಪ್ರತಿ ಚಿತ್ರವನ್ನು ಪರೀಕ್ಷಿಸುವುದು ಎಂಬ ಮೂರು ಕೆಲಸ ಮೊದಲು ಬಂತು. ವಿಡಿಯೊ ಮುಂದಿನ ಆವೃತ್ತಿಯಲ್ಲಿ ಸೇರಿತು. ಕೋಡ್ ಎಲ್ಲರಿಗೂ ತೆರೆದದ್ದು, ಅಪಾಚೆ 2.0 ಲೈಸೆನ್ಸ್‌ನಲ್ಲಿದೆ. ಇವತ್ತು ಆ್ಯಪ್ ಕಟ್ಟುವ ಫ್ಲಟರ್ ಎಂಬ ಸಾಧನದ ಕ್ಯಾಮೆರಾ ಪ್ಲಗಿನ್ ಆಂಡ್ರಾಯ್ಡ್‌ನಲ್ಲಿ ಇದರ ಮೇಲೇ ನಿಂತಿದೆ. ಅಂಥದ್ದೇ ಇನ್ನೊಂದು ಸಾಧನವಾದ ರಿಯಾಕ್ಟ್ ನೇಟಿವ್‌ನವರು ಬಳಸುವ ವಿಷನ್‌ಕ್ಯಾಮೆರಾ ಕೂಡ. ನಮ್ಮ ಆ್ಯಪ್ ನಿಂತಿರುವುದೂ ಇದರ ಮೇಲೇ. ಅಂದರೆ ಕ್ಯಾಮೆರಾಎಕ್ಸ್ ಹೆಸರನ್ನೇ ಕೇಳದವರು ಬರೆದ ಆ್ಯಪ್‌ನಲ್ಲೂ ಅದು ಕೂತಿರಬಹುದು.

ಈ ಲೈಬ್ರರಿಯ ಕೋಡಿನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಫೋಲ್ಡರ್ ಇದೆ. ಹೆಸರು ಕ್ವರ್ಕ್ಸ್. ಒಂದೊಂದು ಫೋನಿನ ಒಂದೊಂದು ಹಠಕ್ಕೆ ಒಂದೊಂದು ಪುಟ್ಟ ಫೈಲು. ಹುವಾವೇ ಮೇಟ್ 20 ಲೈಟ್ ಮತ್ತು ಆನರ್ 9ಎಕ್ಸ್ ಫೋನುಗಳಿಗೆ ಫೋಟೊ ತಿರುಗಿಸು ಎಂಬ ಆದೇಶ ಸರಿಯಾಗಿ ಅರ್ಥವಾಗುವುದಿಲ್ಲ, ಹಾಗಾಗಿ ಅವುಗಳಿಗೆ ಆ ಆದೇಶ ಕಳಿಸಬೇಡ ಎಂದು ಒಂದು ಫೈಲು. ಒನ್‌ಪ್ಲಸ್ 6 ಮತ್ತು 6ಟಿ 4160x3120, 4000x3000 ಅಳತೆಯ ಫೋಟೊ ಕೊಡುತ್ತೇನೆ ಎನ್ನುತ್ತವೆ, ಕೇಳಿದರೆ ಕೈಕೊಡುತ್ತವೆ, ಆ ಅಳತೆಗಳನ್ನು ಪಟ್ಟಿಯಿಂದ ತೆಗೆ ಎಂದು ಇನ್ನೊಂದು. ಫ್ಲಾಶ್ ಸರಿಯಾಗಿ ಹೊಂದದ ಕೆಲವು ಫೋನುಗಳಲ್ಲಿ ಫ್ಲಾಶ್ ಬದಲು ಟಾರ್ಚ್ ಹಚ್ಚಿ ಫೋಟೊ ತೆಗೆ ಎಂದು ಮತ್ತೊಂದು. ಹೆಸರಿರುವ ಕಂಪನಿಯ ಫೋನುಗಳೂ ಇದರಿಂದ ಹೊರತಲ್ಲ. 2015ರಲ್ಲಿ ಗೂಗಲ್ ಹೆಸರಲ್ಲೇ ಬಂದ ನೆಕ್ಸಸ್ 5ಎಕ್ಸ್‌ನಲ್ಲಿ ಸೆನ್ಸರನ್ನು ಬೇರೆ ಫೋನುಗಳಿಗಿಂತ ಉಲ್ಟಾ ಕೂರಿಸಿದ್ದರು. ಎಲ್ಲ ಫೋನೂ 90 ಡಿಗ್ರಿ ಎಂದು ನಂಬಿ ಬರೆದ ಆ್ಯಪ್‌ಗಳಲ್ಲಿ ಫೋಟೊ ತಲೆಕೆಳಗಾದವು.

ಒಂದೊಂದು ಕ್ವರ್ಕ್ ಹಿಂದೆ ಯಾರೋ ಒಬ್ಬರು ಎಲ್ಲೋ ಕೂತು, ಅಡ್ಡ ಬಿದ್ದ ಅಥವಾ ಬಿಳುಚಿದ ಫೋಟೊ ಹಿಡಿದುಕೊಂಡು ತಲೆ ಕೆಡಿಸಿಕೊಂಡಿದ್ದಾರೆ. ಲೈಬ್ರರಿಗೆ ಕೊಡುಗೆ ಎಂದ ಕೂಡಲೇ ನಮಗೆ ದೊಡ್ಡ ಹೊಸ ಸೌಲಭ್ಯ, ಸಾವಿರ ಸಾಲಿನ ಕೋಡ್ ನೆನಪಾಗುತ್ತದೆ. ಕ್ಯಾಮೆರಾದ ವಿಷಯದಲ್ಲಿ ಅದು ಹಾಗಲ್ಲ. ಇಲ್ಲಿ ದೊಡ್ಡ ಕೊಡುಗೆ ಎಂದರೆ ಕೆಟ್ಟಾಗಿ ನಡೆಯುವ ಒಂದು ಫೋನ್ ಕೈಯಲ್ಲಿರುವುದು, ಅದು ಯಾವಾಗ ಹೇಗೆ ತಪ್ಪುತ್ತದೆ ಎಂದು ತಾಳ್ಮೆಯಿಂದ ಹಿಡಿದು ತೋರಿಸುವುದು.

ಗದಗದ ಹುಡುಗಿ ಮಾಡಿದ್ದು ಅದನ್ನೇ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದಳು, ಅಕ್ಷರ ಇದ್ದರೆ ಯಾವ ಕಡೆ ಮೇಲು ಎಂದು ತಕ್ಷಣ ತಿಳಿಯುತ್ತದೆ. ಫೋನನ್ನು ನಾಲ್ಕು ದಿಕ್ಕಿನಲ್ಲಿ ಹಿಡಿದು, ಹಿಂದಿನ ಕ್ಯಾಮೆರಾ ಮುಂದಿನ ಕ್ಯಾಮೆರಾ ಎರಡರಲ್ಲೂ, ಫ್ಲಾಶ್ ಹಾಕಿ, ಹಾಕದೆ. ಒಟ್ಟು 16 ಫೋಟೊ. ಪ್ರತಿಯೊಂದರ ಚೀಟಿಯಲ್ಲಿ ಏನಿದೆ, ಚುಕ್ಕಿ ಹೇಗೆ ನಿಂತಿವೆ ಎಂದು ಒಂದು ಕೋಷ್ಟಕ. ಆಮೇಲೆ ನಮ್ಮ ಆ್ಯಪ್ ಬಿಟ್ಟು, ಬೇರೆ ಏನೂ ಇಲ್ಲದ ಒಂದು ಚಿಕ್ಕ ಆ್ಯಪ್ ಬರೆದು ಅದರಲ್ಲೂ ಅದೇ ತಪ್ಪು ಬರುತ್ತದೆ ಎಂದು ತೋರಿಸಿದಳು. ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. "ನಿಮ್ಮ ಲೈಬ್ರರಿ ಕೆಲಸ ಮಾಡ್ತಿಲ್ಲ" ಎಂದು ಎರಡು ಸಾಲು ಬರೆದು ಕಳಿಸುತ್ತಾರೆ. ಅದನ್ನು ಓದಿದವರು ಏನು ಮಾಡಬೇಕು ಹೇಳಿ? ಅವರ ಹತ್ತಿರ ಆ ಫೋನ್ ಇರುವುದಿಲ್ಲ. ಗೂಗಲ್ ಹತ್ತಿರ ಪರೀಕ್ಷೆಗೆ ಫೋನುಗಳ ಲ್ಯಾಬ್ ಇದೆ, ನಿಜ. ಆದರೆ ಏಳೆಂಟು ಸಾವಿರ ರೂಪಾಯಿಗೆ ನಮ್ಮ ಸಣ್ಣ ಊರುಗಳಲ್ಲಿ ಮಾರಾಟವಾಗುವ ಪ್ರತಿ ಮಾದರಿಯೂ ಯಾವ ಲ್ಯಾಬಿನಲ್ಲೂ ಇರಲು ಸಾಧ್ಯವಿಲ್ಲ.

ಕ್ಯಾಮೆರಾಎಕ್ಸ್ ತಂಡಕ್ಕೆ ವರದಿ ಹೋದದ್ದು ದೀಪಾವಳಿ ಮುಗಿದ ವಾರ. ಉತ್ತರ ಬಂತು, ಜೊತೆಗೆ ಒಂದು ಪ್ರಶ್ನೆ: ಇದು ಈ ಮಾದರಿಯದೇ ತಪ್ಪೋ, ಅದೇ ಚಿಪ್ ಇರುವ ಎಲ್ಲ ಫೋನುಗಳದ್ದೋ?

ನನಗೆ ಇಡೀ ಕಥೆಯಲ್ಲಿ ಮುಖ್ಯ ಎನಿಸುವುದು ಈ ಪ್ರಶ್ನೆ. ಕ್ವರ್ಕ್ ಕೆಲಸ ಮಾಡುವುದು ಫೋನಿನ ಬ್ರ್ಯಾಂಡ್ ಮತ್ತು ಮಾದರಿಯ ಹೆಸರು ನೋಡಿ. ಪಟ್ಟಿಯನ್ನು ತೀರಾ ಚಿಕ್ಕದು ಮಾಡಿದರೆ, ಅದೇ ತಪ್ಪಿರುವ ಅಣ್ಣತಮ್ಮ ಫೋನುಗಳು ಹೊರಗೆ ಉಳಿಯುತ್ತವೆ. ಒಂದೇ ಫೋನ್ ಬೇರೆ ಬೇರೆ ಹೆಸರಲ್ಲಿ ಮಾರಾಟವಾಗುವುದು ನಮಗೆ ಹೊಸದಲ್ಲ. ಪಟ್ಟಿಯನ್ನು ತೀರಾ ದೊಡ್ಡದು ಮಾಡಿದರೆ, ಸರಿಯಾಗಿರುವ ಫೋನಿಗೂ ಔಷಧಿ ಕುಡಿಸಿದಂತೆ. ನೆಟ್ಟಗಿದ್ದ ಫೋಟೊ ಅಡ್ಡ ಬೀಳುತ್ತದೆ. ಮೇಜಿನ ಮುಂದೆ ಕೂತು ಇದನ್ನು ಊಹಿಸಲು ಆಗುವುದಿಲ್ಲ. ಫೋನುಗಳನ್ನೇ ಕೈಯಲ್ಲಿ ಹಿಡಿದು ನೋಡಬೇಕು.

ಅವಳು ಒಂದು ಶನಿವಾರ ಪುಣೆಯ ಬುಧವಾರ ಪೇಟೆ ಎಂಬ ಮಾರುಕಟ್ಟೆಗೆ ಹೋದಳು. ಹಳೆ ಫೋನ್ ಮಾರುವ ಅಂಗಡಿಯವನಿಗೆ ತನ್ನ ಅರ್ಧಂಬರ್ಧ ಮರಾಠಿಯಲ್ಲಿ ವಿಷಯ ವಿವರಿಸಿದಳು. ಅದೇ ಚಿಪ್ ಇರುವ ಇನ್ನೆರಡು ಫೋನ್ ಸಿಕ್ಕವು. ಒಂದನ್ನು ಕೊಂಡಳು, ಒಂದನ್ನು ಅಂಗಡಿಯಲ್ಲೇ ನಿಂತು ಪರೀಕ್ಷಿಸಿದಳು. ಕೊಂಡದ್ದರಲ್ಲಿ ಅದೇ ತಪ್ಪು ಇತ್ತು. ಅಂಗಡಿಯದು ಸರಿಯಾಗಿತ್ತು. ಅಂದರೆ ತಪ್ಪು ಚಿಪ್‌ನದಲ್ಲ, ಅದರ ಮೇಲೆ ಫೋನ್ ಕಂಪನಿಯವರು ಹಾಕಿದ ಸಾಫ್ಟ್‌ವೇರ್‌ನದು. ಪಟ್ಟಿಯಲ್ಲಿ ಎರಡು ಹೆಸರು ಮಾತ್ರ ಸೇರಿದವು.

ಬದಲಾವಣೆಯನ್ನು ತಾನೇ ಬರೆದು ಕಳಿಸಿದಳು. ಕೋಡ್ ಚಿಕ್ಕದು, ಪರೀಕ್ಷೆ ಅದಕ್ಕಿಂತ ಉದ್ದ. ಈ ಪರೀಕ್ಷೆ ಬರೆಯುವ ರೀತಿಯೂ ಚೆನ್ನಾಗಿದೆ. ರೋಬೋಲೆಕ್ಟ್ರಿಕ್ ಎಂಬ ಸಾಧನದಲ್ಲಿ "ನಾನು ಇಂಥ ಮಾದರಿಯ ಫೋನ್" ಎಂದು ಕಂಪ್ಯೂಟರ್ ನಟಿಸುತ್ತದೆ. ಹಾಗಾಗಿ ಆ ಫೋನ್ ಇಲ್ಲದವರೂ, ಮುಂದೆ ಯಾವತ್ತಾದರೂ, ಈ ತಿದ್ದುಪಡಿ ಇನ್ನೂ ಜೀವಂತ ಇದೆಯೇ ಎಂದು ನೋಡಬಹುದು. ಕೋಡ್ ಪರಿಶೀಲಿಸುವ ಗೆರಿಟ್ ಎಂಬ ತಾಣದಲ್ಲಿ ರಿವ್ಯೂ ನಡೆಯಿತು. ಒಂದು ಹೆಸರು ಬದಲಿಸಿ, ಟಿಪ್ಪಣಿಯಲ್ಲಿ ಕಾರಣ ಸ್ಪಷ್ಟ ಬರೆಯಿರಿ ಎಂದರು. ಬರೆದಳು. ಸೇರಿತು. ಆಲ್ಫಾ, ಬೀಟಾ ಎಂಬ ಪರೀಕ್ಷೆಯ ಆವೃತ್ತಿಗಳನ್ನು ದಾಟಿ ಸ್ಥಿರ ಆವೃತ್ತಿಗೆ ಬರುವಷ್ಟರಲ್ಲಿ ಯುಗಾದಿ ಕಳೆದಿತ್ತು.

ಇಷ್ಟೆಲ್ಲ ಯಾಕೆ, ನಮ್ಮ ಆ್ಯಪ್‌ನಲ್ಲೇ "ಈ ಫೋನ್ ಆದರೆ ತಿರುಗಿಸಬೇಡ" ಎಂದು ನಾಲ್ಕು ಸಾಲು ಬರೆದರೆ ಮುಗೀತಲ್ವಾ? ಮ್ಯಾನೇಜರ್ ಕೇಳಿದ್ದು ಇದನ್ನೇ. ವ್ಯಾಪಾರಿ ಕಾಯುವುದಿಲ್ಲ, ಹಾಗಾಗಿ ಮೊದಲ ವಾರ ನಾವೂ ಅದನ್ನೇ ಮಾಡಿದ್ದೆವು. ಪುಣೆ, ಮುಂಬೈ, ಬೆಂಗಳೂರಿನ ಎಷ್ಟೋ ಕಂಪನಿಗಳು ಹೀಗೇ ಮಾಡುತ್ತವೆ. ನಾನು ಕೆಲಸ ಮಾಡಿದ ಮೂರು ಕಡೆಯೂ ಇಂಥ ಗುಪ್ತ ಸಾಲುಗಳನ್ನು ನೋಡಿದ್ದೇನೆ. ಒಂದೇ ಫೋನಿನ ಒಂದೇ ತಪ್ಪನ್ನು ಒಂದೇ ಊರಿನ ಎಷ್ಟೋ ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದು, ಬೇರೆ ಬೇರೆಯಾಗಿ ತೇಪೆ ಹಾಕಿ, ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತವೆ. ಇದು ಬರೀ ದಂಡದ ಕೆಲಸವಲ್ಲ, ಅಪಾಯವೂ ಹೌದು. ಮುಂದೆ ಲೈಬ್ರರಿಯೇ ಸರಿಯಾದಾಗ, ತೇಪೆ ಮರೆತು ಬಿಟ್ಟ ಆ್ಯಪ್‌ನಲ್ಲಿ ಎರಡು ತಿದ್ದುಪಡಿ ಒಂದರ ಮೇಲೊಂದು ಬೀಳುತ್ತವೆ. ಫೋಟೊ ಮತ್ತೆ ಅಡ್ಡ! ತೇಪೆ ಹಾಕಿದವರು ಅಷ್ಟು ಹೊತ್ತಿಗೆ ಕೆಲಸ ಬಿಟ್ಟು ಹೋಗಿರುತ್ತಾರೆ.

ಲೈಬ್ರರಿಯಲ್ಲೇ ರಿಪೇರಿ ಆಗಬೇಕು ಎನ್ನಲು ಇನ್ನೂ ದೊಡ್ಡ ಕಾರಣವಿದೆ. ಅಗ್ಗದ ಫೋನಿನ ಫರ್ಮ್‌ವೇರ್‌ನಲ್ಲಿ, ಅಂದರೆ ಕಂಪನಿ ಒಳಗೆ ತುಂಬಿಸಿಟ್ಟ ಸಾಫ್ಟ್‌ವೇರ್‌ನಲ್ಲಿ, ತಪ್ಪಿದ್ದರೆ ಅದು ಹೆಚ್ಚಾಗಿ ಹಾಗೇ ಉಳಿಯುತ್ತದೆ. ಮಾರಿದ ಒಂದೆರಡು ವರ್ಷಕ್ಕೆ ಕಂಪನಿಯ ಅಪ್‌ಡೇಟ್ ನಿಲ್ಲುತ್ತದೆ. ಫೋನ್ ಮಾತ್ರ ಅಣ್ಣನ ಕೈಯಿಂದ ತಂಗಿಗೆ, ತಂಗಿಯಿಂದ ಅವ್ವನಿಗೆ ಹೋಗಿ ಐದಾರು ವರ್ಷ ಬದುಕುತ್ತದೆ. ಕ್ಯಾಮೆರಾಎಕ್ಸ್ ಫೋನಿನ ಆಪರೇಟಿಂಗ್ ಸಿಸ್ಟಮ್‌ನ ಭಾಗವಲ್ಲ. ಅದು ಆ್ಯಪ್‌ನ ಒಳಗೇ ಕೂತು ಬರುತ್ತದೆ. ಹಾಗಾಗಿ ಕಂಪನಿ ಕೈಬಿಟ್ಟ ಫೋನಿಗೂ ಆ್ಯಪ್ ಅಪ್‌ಡೇಟ್ ಜೊತೆ ಆ ರಿಪೇರಿ ತಲುಪುತ್ತದೆ.

ಇದು ಟೊಮೆಟೊ ಕ್ರೇಟಿನ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಫೋನಿನ ಕ್ಯಾಮೆರಾ ನಮ್ಮ ಜನರ ಹಕ್ಕಿನ ಬಾಗಿಲಾಗಿದೆ. ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್ 15ರಿಂದ ಇ-ಪೀಕ್ ಪಾಹಣಿ ಎಂಬ ಆ್ಯಪ್ ಇದೆ. ರೈತರೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ಹಾಕಬೇಕು, ಅದು ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಸೇರುತ್ತದೆ. ಜತ್, ಅಕ್ಕಲಕೋಟೆ ಕಡೆಯ ನಮ್ಮ ಕನ್ನಡದ ರೈತರೂ ಇದನ್ನೇ ಬಳಸಬೇಕು. ಅದೇ ವರ್ಷದ ನವೆಂಬರ್‌ನಲ್ಲಿ ಪಿಂಚಣಿದಾರರು ಬದುಕಿದ್ದಾರೆ ಎಂಬ ಜೀವನ್ ಪ್ರಮಾಣ ಪತ್ರವನ್ನು ಮುಖ ತೋರಿಸಿ ಪಡೆಯುವ ವ್ಯವಸ್ಥೆ ಬಂತು. ನರೇಗಾ ಕೂಲಿಯವರ ಹಾಜರಿಗೆ ದಿನಕ್ಕೆ ಎರಡು ಫೋಟೊ ಎಂಬುದು 2023ರ ಜನವರಿಯಿಂದ ಕಡ್ಡಾಯವಾಯಿತು. ಈ ಆ್ಯಪ್‌ಗಳು ಯಾವ ಲೈಬ್ರರಿಯನ್ನೇ ಬಳಸಲಿ, ಕೆಳಗಿನ ಫೋನ್ ಅದೇ ಅಗ್ಗದ ಫೋನು. ಮುಖ ಫೋಕಸ್ ಆಗದಿದ್ದರೆ, ಬಿಸಿಲಲ್ಲಿ ಚಿತ್ರ ಬಿಳುಚಿದರೆ, ಆ್ಯಪ್ ಮಧ್ಯದಲ್ಲಿ ನಿಂತರೆ, ಅಜ್ಜಿ ಮಾಡಬಹುದಾದದ್ದು ಏನೂ ಇಲ್ಲ. "ನಿಮ್ಮ ಫೋನ್ ಸರಿ ಇಲ್ಲ, ಬೇರೆ ತಗೊಂಡು ಬನ್ನಿ" ಎಂದು ಹೇಳಿ ಕಳಿಸುತ್ತಾರೆ.

ಇಂಥ ಫೋನುಗಳು ಸಿಗುವುದು ಎಲ್ಲಿ? ನಮ್ಮ ಮನೆಗಳಲ್ಲಿ. ರಜೆಗೆ ಊರಿಗೆ ಹೋದಾಗ ಅವ್ವನ ಕೈಯಲ್ಲಿ. ಅದಕ್ಕೇ ನಾನು ಹೇಳುವುದು, ಈ ಕೆಲಸಕ್ಕೆ ಪುಣೆ ಮುಂಬೈಯ ನಮ್ಮ ಎಂಜಿನಿಯರ್‌ಗಳಿಗಿಂತ ಹತ್ತಿರದವರು ಬೇರೆ ಇಲ್ಲ. ಇಂಗ್ಲಿಷ್ ಚೆನ್ನಾಗಿ ಬರೆಯಲು ಬರಬೇಕು ಎಂಬ ಹೆದರಿಕೆಯೂ ಬೇಡ. ಆ 16 ಫೋಟೊ ಮತ್ತು ಒಂದು ಕೋಷ್ಟಕ ತಾವೇ ಮಾತಾಡುತ್ತವೆ.

ಹಾಗಾದರೆ ಅಡ್ಡಿ ಏನು? ನಾನು ಕಂಡಂತೆ ಮೊದಲ ಅಡ್ಡಿ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದ. ನೌಕರಿಯಲ್ಲಿರುವಾಗ ಬರೆದ ಪ್ರತಿ ಸಾಲೂ ಕಂಪನಿಯದು ಎಂದು ಅದರಲ್ಲಿ ಇರುತ್ತದೆ. ಅತ್ತ, ಕ್ಯಾಮೆರಾಎಕ್ಸ್‌ಗೆ ಕೋಡ್ ಕಳಿಸುವ ಮೊದಲು ಗೂಗಲ್‌ನ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಬೇಕು, ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು. ಎರಡೂ ಕಾಗದ ಒಟ್ಟಿಗೆ ಇಟ್ಟರೆ ಹುಡುಗಿ ಹೆದರುವುದು ಸಹಜ. ನಮ್ಮಲ್ಲಿ ಆರು ವಾರ ಹೋದದ್ದು ಇದಕ್ಕೇ. ತಿದ್ದುಪಡಿ ಬರೆಯಲು ಹಿಡಿದದ್ದು ಎರಡು ಸಂಜೆ. ಕಾನೂನು ವಿಭಾಗದವರು ಕೆಟ್ಟವರಲ್ಲ. ಅವರಿಗೆ ಈ ಪ್ರಶ್ನೆಯನ್ನು ಯಾರೂ ಮೊದಲು ಕೇಳಿರಲಿಲ್ಲ, ಅಷ್ಟೇ. ಕೊನೆಗೆ ಅರ್ಧ ಪುಟದ ಅನುಮತಿ ಪತ್ರ ಸಿದ್ಧವಾಯಿತು. ಮೂರನೆಯವರ ಲೈಬ್ರರಿಯಲ್ಲಿನ ತಪ್ಪು ತಿದ್ದುವ ಕೋಡನ್ನು ಗ್ರಾಹಕರ ಗುಟ್ಟು ಬಯಲಾಗದಂತೆ ಹೊರಗೆ ಕೊಡಬಹುದು ಎಂದು. ಪ್ರತಿ ಕಂಪನಿಯೂ ಇಂಥ ಅರ್ಧ ಪುಟ ಮೊದಲೇ ಬರೆದಿಡಬಹುದಲ್ಲ?

ಎರಡನೆಯದು ಸಮಯ. ಮುಂಬೈಯ ಕನ್ನಡಿಗರಿಗೆ ರಾತ್ರಿ ಶಾಲೆ ಎಂದರೆ ಗೊತ್ತು. ಉಡುಪಿ, ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲಿಡೀ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ನನಗೆ ಅವರ ಬಗ್ಗೆ ತುಂಬಾ ಹೆಮ್ಮೆ. ಆದರೆ ಹಗಲು ಪುರುಸೊತ್ತು ಸಿಕ್ಕಿದ್ದರೆ ಅವರಲ್ಲಿ ಯಾರೂ ರಾತ್ರಿ ಓದುತ್ತಿರಲಿಲ್ಲ. ಇವತ್ತು ಲೈಬ್ರರಿಗೆ ಕೊಡುಗೆ ಕೊಡುವುದು ಹೆಚ್ಚಿನವರಿಗೆ ರಾತ್ರಿ ಶಾಲೆಯೇ. ಪಿಜಿಯಲ್ಲಿ ಊಟ ಆದಮೇಲೆ, ರೂಮಿನವಳು ಮಲಗಿದ ಮೇಲೆ. ಕಂಪನಿಯ ಆ್ಯಪ್ ಆ ಲೈಬ್ರರಿಯ ಮೇಲೇ ನಿಂತಿದೆ, ಅದರಿಂದಲೇ ದುಡ್ಡು ಬರುತ್ತಿದೆ. ಅಂದಮೇಲೆ ಈ ಕೆಲಸ ಹಗಲಿನದೇ ಆಗಬೇಕು. ವರ್ಷದ ಕೊನೆಯ ಅಪ್ರೈಸಲ್‌ನಲ್ಲೂ ಅದಕ್ಕೊಂದು ಸಾಲು ಇರಬೇಕು.

ಗೂಗಲ್‌ನಂಥ ದೊಡ್ಡ ಕಂಪನಿಗೆ ನಾವು ಯಾಕೆ ಬಿಟ್ಟಿ ದುಡಿಯಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಕೋಡ್ ತೆರೆದದ್ದಾದರೂ ಬಾಗಿಲಲ್ಲಿ ನಿಂತು ಹೌದು ಅಲ್ಲ ಎನ್ನುವವರು ಅವರೇ. ಯಾವ ಫೋನಿಗೆ ಮೊದಲು ಗಮನ ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. 2025ರಲ್ಲಿ ಕ್ಯಾಮೆರಾಎಕ್ಸ್ ಸೇರಿರುವ ಆಂಡ್ರಾಯ್ಡ್‌ಎಕ್ಸ್ ಎಂಬ ಗುಂಪಿನ ಲೈಬ್ರರಿಗಳ ಹೊಸ ಆವೃತ್ತಿಗಳಿಗೆ ಕನಿಷ್ಠ ಆಂಡ್ರಾಯ್ಡ್ 6.0 ಇರಬೇಕು ಎಂದು ಮಿತಿ ಏರಿಸಿದರು, 5.0ರ ಫೋನುಗಳು ಹೊರಗಾದವು. ಇಂಥ ತೀರ್ಮಾನದಲ್ಲಿ ನಾರಾಯಣಗಾಂವ್‌ನ ಹುಡುಗನ ಮಾತು ಲೆಕ್ಕಕ್ಕೆ ಬರುವುದಿಲ್ಲ. ಆದರೂ ನನ್ನ ಉತ್ತರ ಇದು: ಆ ತಿದ್ದುಪಡಿ ಗೂಗಲ್‌ಗೆ ಕೊಟ್ಟದ್ದಲ್ಲ. ಆ ಎರಡು ಮಾದರಿಯ ಫೋನ್ ಹಿಡಿದವರಿಗೆ ಕೊಟ್ಟದ್ದು. ಅವರು ಯಾವ ಆ್ಯಪ್ ಬಳಸುತ್ತಾರೆ, ಯಾವ ಊರಿನಲ್ಲಿದ್ದಾರೆ ಎಂದು ನಮಗೆ ತಿಳಿಯುವ ಅಗತ್ಯವೂ ಇಲ್ಲ.

ಈಗ ಅವಳ ಡ್ರಾಯರ್‌ನಲ್ಲಿ ಒಂದು ಚಪ್ಪಲಿ ಡಬ್ಬ ಇದೆ, ಅದರ ತುಂಬ ಹಳೆ ಫೋನುಗಳು. ಸಹೋದ್ಯೋಗಿಗಳು ಊರಿಂದ ಬರುವಾಗ ತಂದುಕೊಡುತ್ತಾರೆ. ಒಡೆದ ಗಾಜಿನದೂ ಇವೆ, ಕ್ಯಾಮೆರಾ ನಡೆದರೆ ಸಾಕು ಎನ್ನುತ್ತಾಳೆ.

ಹೊಸ ಆವೃತ್ತಿ ಬಂದ ದಿನ ನಮ್ಮ ಆ್ಯಪ್‌ನಲ್ಲಿದ್ದ ಆ ನಾಲ್ಕು ಸಾಲಿನ ತೇಪೆಯನ್ನು ಅವಳೇ ಅಳಿಸಿದಳು. ಅವತ್ತು ಮಧ್ಯಾಹ್ನ ನಾರಾಯಣಗಾಂವ್‌ನಿಂದ ಬಂದ ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಕ್ರೇಟ್‌ಗಳು ಒಂದರ ಮೇಲೊಂದು, ನೆಟ್ಟಗೆ ನಿಂತಿದ್ದವು.